ಕರೆಯುವ ಕೇಸು

ನಾನು ಏನು ಕೆಲಸ ಮಾಡುತ್ತೇನೆಂದು ನಮ್ಮ ಅತ್ತೆಯವರು ಬದುಕಿರುವವರೆಗೂ ಯಾರಿಗೂ ಬಿಡಿಸಿ ಹೇಳಲಿಲ್ಲ. "ನಮ್ ಸೊಸೆ ಕೋರ್ಟಲ್ಲಿದಾಳೆ" ಎಂದು ಮಾತು ತಿರುಗಿಸಿಬಿಡುತ್ತಿದ್ದರು. ವಿಜಯನಗರದ ನಮ್ಮ ರಸ್ತೆಯಲ್ಲಿ ಅರ್ಧ ಜನ ನನ್ನನ್ನು ಟೈಪಿಸ್ಟ್ ಅಂದುಕೊಂಡಿದ್ದರು. ಇನ್ನರ್ಧ ಜನ ನನ್ನ ಮೇಲೇ ಏನೋ ಕೇಸು ನಡೆಯುತ್ತಿದೆ ಅಂದುಕೊಂಡಿದ್ದರು. ಗಂಡ ಹೆಂಡಿರನ್ನು ಬೇರೆ ಮಾಡಿಸುವ ವಕೀಲೆ ಎಂದು ಗೊತ್ತಾದ ಮೇಲಂತೂ ಮದುವೆ ಮನೆಗಳಲ್ಲಿ ನನ್ನ ಪಾಡು ಕೇಳಬೇಡಿ. ಅಕ್ಷತೆ ಹಾಕಲು ಕೈ ಎತ್ತಿದರೆ ಹೆಣ್ಣಿನ ತಾಯಿ ಒಂದು ಗಳಿಗೆ ಬೆಚ್ಚುತ್ತಿದ್ದಳು. ಊಟದ ಪಂಕ್ತಿಯಲ್ಲಿ ಮಾತ್ರ ಎಲ್ಲರೂ ನನ್ನ ಪಕ್ಕದ ಎಲೆಗೇ ಬಂದು ಕೂರುತ್ತಿದ್ದರು, ಪಾಯಸ ಬರುವ ಹೊತ್ತಿಗೆ ಮೆಲ್ಲಗೆ, "ನಮ್ ತಂಗಿದೊಂದು ವಿಷಯ ಇತ್ತು ಮೇಡಂ" ಎಂದು ಶುರು ಮಾಡುತ್ತಿದ್ದರು.

ಈಗ ಕರಿ ಕೋಟು ಕಳಚಿಟ್ಟು ಕೆಂಗೇರಿ ಉಪನಗರದಲ್ಲಿ ಗಿಡಗಳಿಗೆ ನೀರು ಹಾಕಿಕೊಂಡಿದ್ದೇನೆ. ಹೊಸದಾಗಿ ಸನ್ನದು ಪಡೆದ ಹುಡುಗಿಯರು ಆಗಾಗ ಬರುತ್ತಾರೆ. "ಆಂಟಿ, ಫ್ಯಾಮಿಲಿ ಮ್ಯಾಟರ್ಸ್ ತಗೊಂಡ್ರೆ ಡಿಪ್ರೆಸ್ ಆಗಲ್ವಾ?" ಎಂದು ಕೇಳುತ್ತಾರೆ. ಆಗುತ್ತೆ ಕಣ್ರೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆಯೇನೋ ಇದೆ, ಆದರೆ ನಮ್ಮ ಹತ್ತಿರ ಬರುವವರು ಉಂಡು, ಮಲಗಿ, ಎದ್ದು, ಇನ್ನೂ ಜಗಳ ಮುಗಿಯದೆ ಬಂದವರು. ಹಾಗಿದ್ದೂ ನಾನು ಈ ಕಸುಬಿನಲ್ಲಿ ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು. ಅದಕ್ಕೆ ಕಾರಣ ನಮ್ಮ ಸೀನಿಯರ್ ಶ್ರೀಕಂಠಯ್ಯನವರು.

ರಾಜಾಜಿನಗರದಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಬೆಳಿಗ್ಗೆ ಪಂಚೆ, ಬನಿಯನ್ನಿನಲ್ಲಿ ಕಕ್ಷಿದಾರರನ್ನು ನೋಡುತ್ತಿದ್ದರು. ಒಳಗಿನಿಂದ ಒಗ್ಗರಣೆಯ ವಾಸನೆ ಬಂದರೆ ಮಾತು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ಜೂನಿಯರುಗಳನ್ನು ಬೈಯಬೇಕಾದರೆ ಬಹುವಚನ. "ಶಾರದಮ್ಮನವರೇ, ತಾವು ಬರೆದ ಈ ಅರ್ಜಿ ಓದಿದ್ರೆ ಎದುರು ಪಾರ್ಟಿ ವಕೀಲರು ತಮಗೆ ಸನ್ಮಾನ ಮಾಡ್ತಾರೆ" ಎಂದರೆ ನಾನು ಅದನ್ನು ಹರಿದು ಮತ್ತೆ ಬರೆಯಬೇಕು ಎಂದರ್ಥ. ಹೊಗಳುವುದಿದ್ದರೆ ಏಕವಚನ. ಅದು ಅಪರೂಪ. ಹಾಗಾಗಿ ಯಾವಾಗಲಾದರೂ "ಪರ್ವಾಗಿಲ್ಲ ಕಣೇ" ಎಂದರೆ ಆ ದಿನವೆಲ್ಲ ನನಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದೂ ಸುಖವಾಗಿರುತ್ತಿತ್ತು.

ಅವರಿಗೆ ಹಳೆಯ ಕಾನೂನಿನ ಹುಚ್ಚು. ಮದುವೆಯ ಕಾನೂನು ಹಳೆಯ ಮನೆಯಂಥದ್ದು, ಯಾವ ಬಾಗಿಲನ್ನು ಯಾರು ಯಾವಾಗ ಇಟ್ಟರು ಎಂದು ತಿಳಿಯದವನು ಕತ್ತಲಲ್ಲಿ ಗೋಡೆಗೇ ಹಣೆ ಹೊಡೆದುಕೊಳ್ಳುತ್ತಾನೆ ಎನ್ನುತ್ತಿದ್ದರು. ಹಿಂದೂ ವಿವಾಹ ಕಾಯ್ದೆ ಬರುವವರೆಗೆ ಶಾಸ್ತ್ರೋಕ್ತವಾಗಿ ಮದುವೆಯಾದ ನಮ್ಮ ದೇಶದ ಹೆಚ್ಚಿನ ಹೆಂಗಸರಿಗೆ ಮದುವೆಯಿಂದ ಹೊರಬರುವ ಬಾಗಿಲೇ ಇರಲಿಲ್ಲ. ಶಾಸ್ತ್ರದವರು ನಗುತ್ತಿದ್ದ ಸಣ್ಣಪುಟ್ಟ ಜಾತಿಗಳಲ್ಲಿ ಮಾತ್ರ ಆ ಬಾಗಿಲು ಯಾವತ್ತೂ ತೆರೆದೇ ಇತ್ತು. ಅರಳಿಕಟ್ಟೆಯಲ್ಲಿ ಹಿರಿಯರು ಕೂತು, ತಾಳಿ ವಾಪಸ್ ಕೊಡಿಸಿ, ಇಬ್ಬರಿಗೂ ಬೇರೆ ಮದುವೆಗೆ ಅಪ್ಪಣೆ ಕೊಟ್ಟರೆ ಮುಗಿಯಿತು. ಹೊಸ ಕಾಯ್ದೆ ಬಂದಾಗ ಈ ರೂಢಿಯನ್ನು ಮುಟ್ಟದೆ ಹಾಗೇ ಉಳಿಸಿತು, ಆದರೆ ಇಂಥ ರೂಢಿ ನಮ್ಮಲ್ಲಿ ಬಹುಕಾಲದಿಂದ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು.

ಅಂಥದೊಂದು ಕೇಸು ನನಗೆ ಬಂದಿತ್ತು. ಕೆಂಗೇರಿ ಆಚೆಯ ಹಳ್ಳಿಯ ಒಬ್ಬ ಹೆಂಗಸು, ಹೀಗೆ ಕಟ್ಟೆಯಲ್ಲಿ ಬಿಡುಗಡೆ ಪಡೆದು ಇನ್ನೊಂದು ಮದುವೆಯಾಗಿ ಮೊಮ್ಮಕ್ಕಳನ್ನೂ ಕಂಡವಳು. ಹಳ್ಳಿ ಬಡಾವಣೆಯಾಯಿತು, ಜಮೀನಿಗೆ ಬೆಲೆ ಬಂತು, ದಾಯಾದಿಗಳಿಗೆ ಇದ್ದಕ್ಕಿದ್ದಂತೆ ಅವಳ ಎರಡನೇ ಮದುವೆ ಮದುವೆಯೇ ಅಲ್ಲ ಎಂಬ ಜ್ಞಾನೋದಯವಾಯಿತು. ರೂಢಿಯನ್ನು ಸಾಬೀತು ಮಾಡಲು ನಾನು ಊರಿನ ಹಿರಿಯ ಮುನಿಯಪ್ಪನವರನ್ನು ಸಾಕ್ಷಿ ಕಟ್ಟೆಗೆ ಹತ್ತಿಸಿದೆ. ಎದುರು ವಕೀಲರು ಗಂಟಲು ಸರಿಮಾಡಿಕೊಂಡು, "ಈ ಪದ್ಧತಿ ನಿಮ್ಮಲ್ಲಿ ಎಷ್ಟು ಹಳೇದು ಅಂತ ಖಚಿತವಾಗಿ ಹೇಳೋಕಾಗುತ್ತಾ?" ಎಂದರು.

ಮುನಿಯಪ್ಪ ಬೆರಳು ಮಡಿಸತೊಡಗಿದರು. "ನಮ್ ತಾತ ಒಂದು ಬಿಟ್ಟಿದ್ದ. ನಮ್ಮಪ್ಪ ಎರಡು. ನಂದೂ ಒಂದಾಗದೆ. ಆದ್ರೆ ಸುಳ್ ಯಾಕ್ ಹೇಳ್ಲಿ ಸ್ವಾಮಿ, ನಾನ್ ಬಿಟ್ಟಿದ್ದಲ್ಲ, ಅವಳೇ ನನ್ನ ಬಿಟ್ಟಿದ್ದು."

ಕೋರ್ಟಿಗೆ ಕೋರ್ಟೇ ನಕ್ಕಿತು. ಮುನಿಯಪ್ಪನವರಿಗೆ ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ. ಮೂರು ತಲೆಮಾರಿನ ರೂಢಿ, ಹೆಂಗಸಿಗೂ ಸಮಾನ ಹಕ್ಕು, ಎರಡೂ ಒಂದೇ ಉಸಿರಿನಲ್ಲಿ ಸಾಬೀತಾಗಿತ್ತು. ನಾನು ಆಮೇಲೆ ಕೇಳಲೆಂದು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಬೇಕಾಗಲಿಲ್ಲ.

ಇನ್ನೊಬ್ಬರು ಬಸವೇಶ್ವರನಗರದ ಸ್ಟೆಲ್ಲಾ ಮಿಸ್. ಶಾಲೆಯಲ್ಲಿ ಗಣಿತದ ಟೀಚರು, ಮಾತೂ ಲೆಕ್ಕದ ಹಾಗೆ ಚೊಕ್ಕಟ. ಕ್ರೈಸ್ತರಿಗಿದ್ದ ವಿಚ್ಛೇದನ ಕಾಯ್ದೆ ಬ್ರಿಟಿಷರ ಕಾಲದ್ದು. ಗಂಡನಿಗೆ ಬಿಡುಗಡೆ ಬೇಕಾದರೆ ಹೆಂಡತಿ ಜಾರಿದಳು ಎಂದಷ್ಟೇ ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿಗೆ ಬೇಕಾದರೆ ಗಂಡ ಜಾರಿದ್ದು ಸಾಲದು, ಜೊತೆಗೆ ಕ್ರೌರ್ಯವನ್ನೋ ಬಿಟ್ಟು ಹೋದದ್ದನ್ನೋ ಸೇರಿಸಬೇಕಿತ್ತು. ಕೆಳಗಿನ ಕೋರ್ಟು ಕೊಟ್ಟ ಬಿಡುಗಡೆಗೆ ಮೇಲಿನ ಕೋರ್ಟು ಮುದ್ರೆ ಒತ್ತಬೇಕಿತ್ತು. ಸ್ಟೆಲ್ಲಾ ಮಿಸ್ಸಿನ ಗಂಡ ಒಳ್ಳೆಯ ಮನುಷ್ಯ, ಇಬ್ಬರಿಗೂ ಒಟ್ಟಿಗೆ ಬದುಕಲು ಬರುತ್ತಿರಲಿಲ್ಲ, ಅಷ್ಟೇ. "ಏನಾದ್ರೂ ಸ್ವಲ್ಪ ಸೇರಿಸಿ ಬರೆಯೋಣ ಮಿಸ್" ಎಂದು ನಾನು ಹೇಳಿದರೆ, "ಅವರು ಹಾಗಲ್ಲ ಮೇಡಂ, ನಾನ್ಯಾಕೆ ಹೇಳ್ಲಿ? ಕಾಯ್ತೀನಿ" ಎಂದು ಹೋದರು. ಎರಡು ಸಾವಿರದ ಒಂದರಲ್ಲಿ ಕಾನೂನು ತಿದ್ದುಪಡಿಯಾಯಿತು. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ಅವರಿಗೂ ತೆರೆಯಿತು. ಆ ವಾರವೇ ಗಂಡ ಹೆಂಡತಿ ಇಬ್ಬರೂ ಒಂದೇ ಆಟೋದಲ್ಲಿ ಬಂದಿಳಿದರು, ಕೈಯಲ್ಲೊಂದು ಪ್ಲಮ್ ಕೇಕು. ಬೇರೆಯಾಗುವವರು ಇಷ್ಟು ಮರ್ಯಾದೆಯಿಂದ ಬೇರೆಯಾಗಬಹುದು ಎಂದು ನಾನು ಮೊದಲು ಕಂಡದ್ದು ಅಂದು. ಆ ಕೇಕಿನ ನೆನಪಾದರೆ ಇಂದಿಗೂ ಮನಸ್ಸು ತಂಪಾಗುತ್ತದೆ.

ಇನ್ನು ಹಿಂದೂ ವಿವಾಹ ಕಾಯ್ದೆಯ ಒಂಬತ್ತನೇ ಸೆಕ್ಷನ್. ಹೊಸ ಹುಡುಗಿಯರೇ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ಸಕಾರಣವಿಲ್ಲದೆ ಬಿಟ್ಟುಹೋದ ಗಂಡನನ್ನೋ ಹೆಂಡತಿಯನ್ನೋ ಮನೆಗೆ ಮರಳಿ ಬರುವಂತೆ ಆಜ್ಞೆ ಮಾಡಿ ಎಂದು ಕೋರ್ಟನ್ನು ಕೇಳುವ ಅರ್ಜಿ ಇದು. ಕಾನೂನಿನ ಭಾಷೆಯಲ್ಲಿ ವೈವಾಹಿಕ ಹಕ್ಕುಗಳ ಮರುಸ್ಥಾಪನೆ. ನಮ್ಮ ಕಕ್ಷಿದಾರರ ಭಾಷೆಯಲ್ಲಿ ಕರೆಯುವ ಕೇಸು. ಇದು ನಮ್ಮ ನೆಲದ್ದಲ್ಲ. ಇಂಗ್ಲೆಂಡಿನ ಪಾದ್ರಿಗಳ ಕೋರ್ಟಿನಿಂದ ಹಡಗು ಹತ್ತಿ ಬಂದದ್ದು. ಹಿಂದೆ ಒಂದು ಕಾಲದಲ್ಲಿ ಬಾ ಎಂದರೂ ಬರದ ಹೆಂಡತಿಯನ್ನು ಸೆರೆಮನೆಗೆ ಹಾಕಬಹುದಿತ್ತು. ಆಮೇಲೆ ಇಂಗ್ಲೆಂಡಿನವರೇ ಇದನ್ನು ಎತ್ತಿ ಬಿಸಾಕಿದರು, ನಾವು ಮಾತ್ರ ಅತ್ತೆ ಮನೆಯಿಂದ ಬಂದ ಹಿತ್ತಾಳೆ ಕೊಳಗದ ಹಾಗೆ ಅಟ್ಟದ ಮೇಲೆ ಜೋಪಾನವಾಗಿ ಇಟ್ಟುಕೊಂಡೆವು.

ಆದರೆ ಕರೆಯುವ ಕೇಸು ಹಾಕುತ್ತಿದ್ದವರಲ್ಲಿ ಹೆಚ್ಚಿನವರಿಗೆ ಹೆಂಡತಿ ಬರುವುದು ಬೇಕಿರಲಿಲ್ಲ. ಒಳಗಿನ ಗುಟ್ಟು ಬೇರೆ. ಕೋರ್ಟು ಬಾ ಎಂದು ಆಜ್ಞೆ ಮಾಡಿ, ಒಂದು ವರ್ಷ ಕಳೆದರೂ ಅವಳು ಬರದಿದ್ದರೆ, ಅದನ್ನೇ ಕಾರಣ ಮಾಡಿ ವಿಚ್ಛೇದನ ಕೇಳಬಹುದು. ಹಾಗಾಗಿ ಬಿಡಲು ಬೇರೆ ಕಾರಣ ಸಿಗದ ಗಂಡಸರು ಮೊದಲು ಕರೆಯುತ್ತಿದ್ದರು. ಊರಿನ ವಕೀಲರೆಲ್ಲ ಹೀಗೆ ಮಾಡುತ್ತಿದ್ದರು. ನೋಟೀಸು ಕಂಡ ಹೆಂಗಸು ಸಿಟ್ಟಿಗೆದ್ದು ಕೋರ್ಟಿಗೇ ಬರುವುದಿಲ್ಲ ಎಂಬುದು ಈ ಲೆಕ್ಕಾಚಾರದ ಜೀವಾಳ.

ನಮ್ಮ ಸೀನಿಯರಿಗೆ ಕನ್ನಡದಲ್ಲಿ ಅರ್ಜಿ ಬರೆಯುವುದೆಂದರೆ ಪ್ರಾಣ. ಕರೆಯುವ ಕೇಸಿಗೆಂದೇ ಅವರು ಒಂದು ಪ್ಯಾರಾ ಕಟ್ಟಿದ್ದರು: "ಎದುರುದಾರಳು ಹೊಸಿಲು ದಾಟಿದ ದಿನದಿಂದ ಅರ್ಜಿದಾರನ ಮನೆಯಲ್ಲಿ ಸಂಜೆಯ ದೀಪಕ್ಕೆ ಬತ್ತಿ ಹೊಸೆಯುವ ಕೈಯಿಲ್ಲ. ಉಂಡ ಅನ್ನ ಮೈಗೆ ಹತ್ತುತ್ತಿಲ್ಲ. ಆಕೆ ಬರುವ ದಾರಿಯನ್ನೇ ನೋಡುತ್ತ ಅರ್ಜಿದಾರನು ದಿನವೂ ಬಾಗಿಲಲ್ಲಿ ನಿಲ್ಲುತ್ತಾನೆ." ಟೈಪ್‌ರೈಟರಿನ ಕಾಲದಲ್ಲಿ ಇದನ್ನು ಪ್ರತಿ ಸಲ ಬಾಯಲ್ಲಿ ಹೇಳಿ ಬರೆಸುತ್ತಿದ್ದರು, ಆಗ ಕಕ್ಷಿದಾರನ ಮುಖ ನೋಡಿ ಎರಡು ಮಾತು ಹೆಚ್ಚು ಕಡಿಮೆ ಆಗುತ್ತಿತ್ತು. ಕಂಪ್ಯೂಟರು ಬಂತು ನೋಡಿ, ಆ ಪ್ಯಾರಾ ಅದರೊಳಗೆ ಹೋಗಿ ಕೂತಿತು. ಹೆಸರು, ವಿಳಾಸ, ಮದುವೆಯ ತಾರೀಖು ಬದಲಾಯಿಸಿದರೆ ಅರ್ಜಿ ಸಿದ್ಧ. ರಾಜಾಜಿನಗರದಿಂದ ಕೆಂಗೇರಿವರೆಗೆ ಎಷ್ಟೋ ಗಂಡಸರು ಅಕ್ಷರ ತಪ್ಪದೆ ಒಂದೇ ರೀತಿ ವಿರಹಪಡುತ್ತ ಬಾಗಿಲಲ್ಲಿ ನಿಂತರು.

ಅವರಲ್ಲಿ ಒಬ್ಬ ರೇವಣ್ಣ.

ರೇವಣ್ಣನದು ನಾಯಂಡಹಳ್ಳಿಯಲ್ಲಿ ಒಂದು ಲೇತ್ ವರ್ಕ್‌ಶಾಪು. ಮನೆ ಅತ್ತಿಗುಪ್ಪೆಯಲ್ಲಿ. ನಲವತ್ತರ ಹತ್ತಿರದ ವಯಸ್ಸು, ದೊಡ್ಡ ಮೈಕಟ್ಟು, ಉಗುರಿನ ಸಂದಿಯಲ್ಲಿ ಹೋಗದ ಗ್ರೀಸು. ನಮ್ಮ ಆಫೀಸಿಗೆ ಬಂದಾಗ ಮಾತಾಡಿದ್ದೆಲ್ಲ ಅವನ ಅಕ್ಕ ಭಾಗ್ಯಮ್ಮ. ತಾಯಿ ಇಲ್ಲದ ತಮ್ಮನನ್ನು ಸಾಕಿ ಬೆಳೆಸಿದವಳು, ಗಂಡ ತೀರಿಕೊಂಡ ಮೇಲೆ ಅದೇ ಮನೆಯಲ್ಲಿದ್ದಳು. "ಮದ್ವೆ ಆಗಿ ಎಂಟು ವರ್ಷ ಆಯ್ತು ಸಾರ್, ಮನೇಲಿ ಒಂದು ತೊಟ್ಲು ಕಟ್ಲಿಲ್ಲ. ಈಗ ನೋಡಿ, ಅವಳಾಗೇ ಎದ್ದು ತೌರಿಗೆ ಹೋಗಿ ಆರು ತಿಂಗಳು. ಮಾಗಡಿ ಕಡೆ ಒಂದು ಹುಡುಗಿ ನೋಡಿದೀನಿ, ಬೇಗ ಬಿಡಿಸಿಕೊಡಿ" ಎಂದಳು.

ರೇವಣ್ಣನ ಹೆಂಡತಿಯ ಹೆಸರು ಜಯಮ್ಮ, ತವರು ಹಳೇ ಕೆಂಗೇರಿ. ಅವಳ ಮೇಲೆ ಹೊರಿಸಲು ಒಂದು ತಪ್ಪೂ ಇರಲಿಲ್ಲ. ಸೀನಿಯರು ಯಥಾಪ್ರಕಾರ ಕರೆಯುವ ಕೇಸು ಹಾಕೋಣ ಎಂದರು. ರೇವಣ್ಣ ತೋರಿಸಿದ ಕಡೆ ಸಹಿ ಮಾಡಿದ. ಹೊರಡುವಾಗ ಬಾಗಿಲ ಹತ್ತಿರ ನಿಂತು, ನನಗೆ ಮಾತ್ರ ಕೇಳುವ ಹಾಗೆ, "ಮೇಡಂ, ಇದು ಅವಳನ್ನ ಕರೆಯೋ ಕೇಸೇ ತಾನೆ?" ಎಂದ. ಹೌದು ಎಂದೆ. ತಲೆಯಾಡಿಸಿ ಹೋದ.

ಮೊದಲ ವಾಯಿದೆಯ ದಿನ ಜಯಮ್ಮ ಬಂದಳು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಹಸಿರು ಸೀರೆ, ಕೈಯಲ್ಲಿ ಜಿಪ್ ಹರಿಯುವಷ್ಟು ತುಂಬಿದ ಬಟ್ಟೆಯ ಚೀಲ. ಅವಳ ಜೊತೆ ವಕೀಲರಿಲ್ಲ, ಅಣ್ಣನಿಲ್ಲ. ಅಂದು ಪೀಠದಲ್ಲಿದ್ದ ನ್ಯಾಯಾಧೀಶರು ಧಾರವಾಡದ ಕಡೆಯವರು.

"ಏನ್ ತಂಗಿ, ನೋಟೀಸ್ ಮುಟ್ಟೇತಿ?" ಎಂದು ಕೇಳಿದರು.

"ಮುಟ್ಟಿದೆ ಸಾರ್."

"ಮತ್ತ ಏನಂತಿ?"

"ಅನ್ನೋದೇನಿದೆ ಸಾರ್. ಕರೆದಿದಾರೆ, ಬಂದಿದೀನಿ. ಬಟ್ಟೆನೂ ತಂದಿದೀನಿ. ಹೀಗೇ ಹೋಗೋದು."

ನಾನು ನನ್ನ ಕಡತದಲ್ಲಿ ಏನೋ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ. ಪಕ್ಕದಲ್ಲಿ ಸೀನಿಯರು ಕೋಟಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು. ಭಾಗ್ಯಮ್ಮ ಹಿಂದಿನ ಬೆಂಚಿನಿಂದ, "ಇದೇನ್ ಸಾರ್ ಇದು!" ಎಂದು ಕೂಗಿಯೇಬಿಟ್ಟಳು. ನ್ಯಾಯಾಧೀಶರಿಗೆ ಇಂಥ ಕೇಸುಗಳ ಒಳಗುಟ್ಟು ನಮಗಿಂತ ಚೆನ್ನಾಗಿ ಗೊತ್ತಿತ್ತು. ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು.

"ವಕೀಲರ, ನಿಮ್ಮ ಕೇಸ್ ಗೆದ್ದಂಗಾತಲ್ರಿ! ಮತ್ತ್ಯಾಕ ಮಾರಿ ಸಣ್ಣ ಮಾಡೀರಿ?" ಎಂದು, ಮಧ್ಯಾಹ್ನ ಊಟದ ಮೇಲೆ ಎಲ್ಲರೂ ಚೇಂಬರಿಗೆ ಬನ್ನಿ ಎಂದು ಹೇಳಿದರು.

ಅಷ್ಟರೊಳಗೆ ಕಾರಿಡಾರಿನಲ್ಲಿ ಅನಾಹುತ ನಡೆಯಿತು. ಜಯಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದಳು. ಅವಳ ಪಕ್ಕ ಪುಷ್ಪ ಎಂಬ ಇನ್ನೊಬ್ಬ ಹೆಂಗಸು, ಅವಳ ಗಂಡನ ಅರ್ಜಿಯೂ ನಮ್ಮ ಆಫೀಸಿನದೇ. ನಾನು ಎದುರು ಬೆಂಚಿನಲ್ಲಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದೆ.

"ನಿಮ್ಮನೆಯವ್ರೂ ಕರೆದಿದಾರಾ?" ಎಂದಳು ಜಯಮ್ಮ.

"ಹೂಂ, ಕರೀತಾರೆ" ಎಂದಳು ಪುಷ್ಪ, ಮೂಗು ಮುರಿದು.

"ನಮ್ಮವ್ರು ಬಾಯ್ಬಿಟ್ಟು ಮಾತಾಡೋರೇ ಅಲ್ಲ. ಆದ್ರೆ ಎಷ್ಟ್ ಚೆನ್ನಾಗಿ ಬರೆಸಿದಾರೆ ಗೊತ್ತಾ? ನಂಗೆ ಓದಿ ಓದಿ ಬಾಯಿಗೇ ಬಂದ್ಬಿಟ್ಟಿದೆ. ಸಂಜೆಯ ದೀಪಕ್ಕೆ ಬತ್ತಿ ಹೊಸೆಯುವ ಕೈಯಿಲ್ಲ..."

"ಉಂಡ ಅನ್ನ ಮೈಗೆ ಹತ್ತುತ್ತಿಲ್ಲ" ಎಂದಳು ಪುಷ್ಪ.

ಜಯಮ್ಮ ತಿರುಗಿ ನೋಡಿದಳು. ಪುಷ್ಪ ತನ್ನ ಬ್ಯಾಗಿನಿಂದ ನೋಟೀಸಿನ ಪ್ರತಿ ತೆಗೆದು ಅವಳ ಚೀಲದ ಮೇಲೆ ಇಟ್ಟಳು. "ನಮ್ಮನೇಲಿ ದೀಪದ ಬತ್ತಿ ಹೊಸೆಯೋದು ನಮ್ಮತ್ತೆ. ಇವ್ರು ದಿನಾ ಬಾಗ್ಲಲ್ಲಿ ನಿಲ್ಲೋದು ನಿಜ, ಸಿಗರೇಟ್ ಸೇದೋಕೆ. ಎಲ್ಲಾ ಲಾಯರ್ ಬರೆಯೋದು ಅಕ್ಕ. ನೀವು ನಂಬ್ಕೊಂಡು ಬಟ್ಟೆ ತುಂಬ್ಕೊಂಡು ಬಂದ್ರಾ?"

ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಜಯಮ್ಮ ಸಾಲಿಗೆ ಸಾಲು ಬೆರಳಿಟ್ಟು ಓದಿದಳು. ಅವಳ ಮುಖದಲ್ಲಿ ಬೆಳಗಿನಿಂದ ಇದ್ದದ್ದು ಹೋಯಿತು. ನಾನು ಡಬ್ಬಿ ಮುಚ್ಚಿದೆ. ಎದ್ದು ಹೋಗಿ ಏನಾದರೂ ಹೇಳಬೇಕೆನಿಸಿತು, ಆದರೆ ನಾನು ಅವಳ ಗಂಡನ ವಕೀಲೆ, ಏನು ಹೇಳಲಿ? ಆ ಹೆಂಗಸಿನ ಮೇಲೆ ನನಗೆ ಅಂದು ಹುಟ್ಟಿದಷ್ಟು ಅಕ್ಕರೆ ನನ್ನ ಕಕ್ಷಿದಾರರಲ್ಲಿ ಯಾರ ಮೇಲೂ ಹುಟ್ಟಿದ್ದಿಲ್ಲ.

ಚೇಂಬರಿನಲ್ಲಿ ಮೇಜಿನ ಆಚೆ ನ್ಯಾಯಾಧೀಶರು, ಈಚೆ ನಾವು. ಜಯಮ್ಮ ಕೂರಲಿಲ್ಲ.

"ಸಾರ್, ಬೆಳಿಗ್ಗೆ ಬರ್ತೀನಿ ಅಂದಿದ್ದೆ. ಈಗ ಬರಲ್ಲ" ಎಂದು ಎರಡೂ ಅರ್ಜಿಗಳನ್ನು ಮೇಜಿನ ಮೇಲಿಟ್ಟಳು. "ಇದು ಇವರ ಮಾತಲ್ಲ. ಇದು ರೆಡಿಮೇಡ್ ಮಾತು. ಇವರ ಬಾಯಿಂದ ಒಂದ್ ಮಾತು ಬರ್ಲಿ, ಬೇಕು ಅಂತಲೋ, ಬೇಡ ಅಂತಲೋ. ಬೇಕು ಅಂದ್ರೆ ಇವತ್ತೇ ಹೋಗ್ತೀನಿ. ಬೇಡ ಅಂದ್ರೆ ನೀವು ತೋರಿಸಿದ್ ಕಡೆ ಸಹಿ ಹಾಕಿ ಇವತ್ತೇ ಬಿಡ್ತೀನಿ, ಒಂದ್ ವರ್ಷ ಯಾಕ್ ಕಾಯ್ಬೇಕು?"

ನ್ಯಾಯಾಧೀಶರು ಆ ಪ್ಯಾರಾವನ್ನು ಎರಡು ಹಾಳೆಗಳಲ್ಲೂ ಓದಿದರು. "ಯಾವ ಕವಿ ಬರ್ದಾರ್ರೀ ಇದನ್ನ?" ಎಂದರು. ಸೀನಿಯರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಅಧ್ಯಯನ ಮಾಡುತ್ತಿದ್ದರು. ಮಾರನೆಯ ದಿನವೇ ಅವರು ತಾವೇ ಕೂತು ಕಂಪ್ಯೂಟರಿನಿಂದ ಅದನ್ನು ಅಳಿಸಿದರು, ಒಂದು ಕೀಲಿ ತಪ್ಪು ಒತ್ತಿ ಇನ್ನೂ ಏನೇನೋ ಅಳಿಸಿಹೋಯಿತು ಎನ್ನುವುದು ಬೇರೆ ಮಾತು. ಅಂದಿನಿಂದ ನಮ್ಮ ಆಫೀಸಿನಲ್ಲಿ ಕಕ್ಷಿದಾರ ಹೇಳದ ಒಂದು ಮಾತೂ ಅರ್ಜಿಗೆ ಹೋಗಲಿಲ್ಲ. ಸಹಿ ಮಾಡುವವನ ಜೊತೆ ಬಂದವರನ್ನು ಹೊರಗೆ ಕೂರಿಸಿ, ಅವನೊಬ್ಬನನ್ನೇ ಕೇಳುವ ಪದ್ಧತಿಯೂ ಅಂದೇ ಶುರುವಾಯಿತು. ನೀವೂ ಹಾಗೇ ಮಾಡಿ.

ನ್ಯಾಯಾಧೀಶರು ಅಂದು ಮಾಡಿದ್ದೂ ಅದನ್ನೇ. ಭಾಗ್ಯಮ್ಮ, "ನನ್ ತಮ್ಮ ಏನ್ ಹೇಳ್ತಾನೆ ಅಂದ್ರೆ ಸಾರ್" ಎಂದು ಶುರು ಮಾಡುತ್ತಲೇ, "ಯವ್ವಾ, ನಿಮ್ಮ ತಮ್ಮಗ ನಾಲಿಗಿ ಐತಿ. ನೀವು ಸ್ವಲ್ಪ ಹೊರಗ ಕುಂದರ್ರಿ" ಎಂದು ಕಳಿಸಿ ಬಾಗಿಲು ಹಾಕಿಸಿದರು. ಆಮೇಲೆ ಜಯಮ್ಮನನ್ನು ಕೇಳಿದರು, "ಮನಿ ಯಾಕ ಬಿಟ್ಟಿ ತಂಗಿ?"

"ಹಬ್ಬದ ಮಾರನೇ ದಿನ ನೆಂಟ್ರೆಲ್ಲ ಕೂತಿದ್ರು ಸಾರ್. ಅತ್ತಿಗೆ, ಅದೇ ಇವರಕ್ಕ, ಎಲ್ರ ಮುಂದೆ, ಇವಳಿಂದ ಏನೂ ಆಗ್ಲಿಲ್ಲ, ಇವನಿಗೆ ಬೇರೆ ಹುಡುಗಿ ನೋಡಿದೀನಿ ಅಂದ್ರು. ನಾನು ಕಾಫಿ ಕೊಡ್ತಿದ್ದೆ. ಇವರು ಅಲ್ಲೇ ಕೂತಿದ್ರು. ಕಾಫಿ ಕುಡಿದು ಲೋಟ ಕೆಳಗಿಟ್ರು. ಒಂದ್ ಮಾತಾಡ್ಲಿಲ್ಲ. ಸಂಜೆ ನಾನು ಹೊರಟೆ." ಗಂಡನ ಕಡೆ ನೋಡಿದಳು. "ಇವರಿಗೆ ಎಡಗಡೆ ಕಿವಿ ಕೇಳ್ಸಲ್ಲ ಸಾರ್. ವರ್ಕ್‌ಶಾಪ್ ಸದ್ದಿಗೆ ಹೋಗಿದೆ. ಯಾರಿಗೂ ಹೇಳಿಲ್ಲ ಇವರು, ನಾಚಿಕೆ. ನಾನೇ ಬಲಗಡೆ ಹೋಗಿ ಮಾತಾಡ್ಸೋದು. ಆವತ್ತು ಅತ್ತಿಗೆ ಎಡಗಡೆ ಕೂತಿದ್ರು. ಪಾಪ ಇವರಿಗೆ ಕೇಳಿಸಿರ್ಲಿಕ್ಕಿಲ್ಲ ಅಂತ ಎಂಟು ತಿಂಗಳು ನನಗೆ ನಾನೇ ಹೇಳ್ಕೊಂಡಿದೀನಿ. ನೋಟೀಸ್ ಬಂದಾಗ, ಹಾಗಾದ್ರೆ ನಿಜಕ್ಕೂ ಕೇಳಿಸಿರ್ಲಿಲ್ಲ ಅಂತ ಖುಷಿಯಾಯ್ತು."

ನಮಗಾರಿಗೂ ಈ ಕಿವಿಯ ವಿಷಯ ಗೊತ್ತಿರಲಿಲ್ಲ. ಆದರೆ ವಕೀಲರ ಬುದ್ಧಿ ನೋಡಿ, ಗೊತ್ತಾದ ಕೂಡಲೇ ನನಗೂ ಸೀನಿಯರಿಗೂ ಒಂದೇ ಸಲ ಜೀವ ಬಂತು. ಕೇಳಿಸಲಿಲ್ಲ ಎಂದು ಅವನು ಒಂದು ಮಾತು ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಅವಳು ತಾನೇ ಬಾಗಿಲು ತೆರೆದು ಹಿಡಿದಿದ್ದಾಳೆ, ಇವನು ಒಳಗೆ ಕಾಲಿಟ್ಟರಾಯಿತು. ನ್ಯಾಯಾಧೀಶರಿಗೂ ಹಾಗೇ ಅನ್ನಿಸಿರಬೇಕು. ಎದ್ದು ಬಂದು ರೇವಣ್ಣನ ಬಲಗಡೆ ನಿಂತು, ಹೇಳಿಕೊಡುವವರ ಹಾಗೆ ಕೇಳಿದರು, "ಆವತ್ತ ನಿನಗ ಕೇಳಿಸಲಿಲ್ಲ, ಹೌದಿಲ್ಲೋ ಅಪ್ಪ?"

ರೇವಣ್ಣ ತನ್ನ ಕೈಗಳನ್ನು ನೋಡಿಕೊಂಡ. ಜಯಮ್ಮ ಅವನನ್ನೇ ನೋಡುತ್ತಿದ್ದಳು. ನನ್ನ ಇಷ್ಟು ವರ್ಷಗಳ ಕಸುಬಿನಲ್ಲಿ ಕಕ್ಷಿದಾರ ಸುಳ್ಳು ಹೇಳಲಿ ಎಂದು ಮನಸಾರೆ ಹಾರೈಸಿದ್ದು ಅದೊಂದೇ ಸಲ.

"ಇಲ್ಲ ಸಾರ್" ಎಂದ. "ಕೇಳಿಸ್ತು."

ನ್ಯಾಯಾಧೀಶರು ವಾಪಸು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

"ಅಕ್ಕ ಸಾಕಿದಾಳೆ ಸಾರ್ ನನ್ನ. ಎಲ್ರ ಮುಂದೆ ಅವಳಿಗೆ ಎದುರು ಹೇಳೋಕೆ ಧೈರ್ಯ ಬರ್ಲಿಲ್ಲ. ಕೇಳಿಸ್ಲಿಲ್ಲ ಅನ್ನೋ ಹಾಗೆ ಕೂತೆ. ತಪ್ಪಾಯ್ತು." ಮತ್ತೆ ಕೈಗಳನ್ನು ನೋಡಿಕೊಂಡು, "ಅವಳು ಹೋದ್ಮೇಲೆ ನಂಗೆ ಯಾರ್ ಮಾತಾಡಿದ್ರೂ ಅರ್ಧನೇ ಸಾರ್. ಎಲ್ರೂ ಯಾವ್ ಕಡೆ ಬೇಕೋ ಆ ಕಡೆ ನಿಂತು ಮಾತಾಡ್ತಾರೆ. ನಂಗೆ ಅವಳು ಬೇಕು" ಎಂದ.

ಇಷ್ಟನ್ನೂ ಕಣ್ಣೆತ್ತದೆ ಹೇಳಿದ. ಜಯಮ್ಮನ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. ಎಂಟು ತಿಂಗಳಿಂದ ಜತನವಾಗಿ ಇಟ್ಟುಕೊಂಡಿದ್ದ ಸಮಾಧಾನವನ್ನು ಅವನು ಒಂದು ಮಾತಿನಲ್ಲಿ ಒಡೆದು ಹಾಕಿದ್ದ. ಇನ್ನು ಇವಳು ಹೋಗಿಬಿಡುತ್ತಾಳೆ ಎಂದೇ ನಾನು ಅಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದು ಇವರ ಮಾತು" ಎಂದಳು ನ್ಯಾಯಾಧೀಶರಿಗೆ. ಆಮೇಲೆ ಗಂಡನಿಗೆ, "ಇಲ್ಲಿ ಹೇಳಿದ್ರೆ ಆಗಲ್ಲ. ಆವತ್ತು ಯಾರ ಮುಂದೆ ಸುಮ್ನೆ ಕೂತ್ರೋ ಅವರ ಮುಂದೆ ಹೇಳಿ. ನಾನು ಇಲ್ಲೇ ನಿಂತಿರ್ತೀನಿ."

ರೇವಣ್ಣ ಎದ್ದ. ಬಾಗಿಲು ತೆರೆದ. ಕಾರಿಡಾರಿನ ತುಂಬ ಜನ, ಭಾಗ್ಯಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ಅಕ್ಕಾ, ನಂಗೆ ಬೇರೆ ಹುಡುಗಿ ಬೇಡ! ನಾನು ಜಯನ್ನ ಮನೆಗೆ ಕರ್ಕೊಂಡ್ ಹೋಗ್ತಾ ಇದೀನಿ!"

ದಿನವಿಡೀ ಯಂತ್ರದ ಸದ್ದಿನ ಮೇಲೆ ಕೂಗಿ ಮಾತಾಡಿದ ಗಂಟಲು ಅದು, ಮೆಲ್ಲಗೆ ಮಾತಾಡಲು ಅದಕ್ಕೆ ಬರುತ್ತಿರಲಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಿದ್ದವರು ನಿಂತರು. ಆ ತುದಿಯ ಬೆಂಚಿನಲ್ಲಿ ಪುಷ್ಪ ಎದ್ದು ನಿಂತಳು. ಹಾಜರಿ ಕೂಗುತ್ತಿದ್ದ ಜವಾನ ಯಾರ ಹೆಸರು ಕೂಗಬೇಕೆಂದು ಮರೆತ. ಭಾಗ್ಯಮ್ಮ ಬಾಯಿ ತೆರೆದವಳು ತಮ್ಮನ ಮುಖ ನೋಡಿ ಹಾಗೇ ಮುಚ್ಚಿದಳು.

ಜಯಮ್ಮ ಚೀಲ ಎತ್ತಿಕೊಂಡು ಹೊರಗೆ ಬಂದಳು. ಅವನನ್ನು ಸುತ್ತಿ ಬಲಗಡೆಗೆ ಹೋಗಿ ನಿಂತು, ಅವನ ತೋಳು ಮುಟ್ಟಿ, "ಸಾಕು, ಮೆಲ್ಲಗೆ" ಎಂದಳು. "ಎಲ್ರಿಗೂ ಕೇಳಿಸ್ತು."